ನಿಂತ ಬೀಸಣಿಗೆಯ ವಿಚಾರಣೆ

ಮನೆಯ ಬೀಸಣಿಗೆಯು ಇದ್ದಕ್ಕಿದ್ದಂತೆ ನಿಂತುಹೋದಾಗ ಅದರ ಮೇಲೆ ತೀರ್ಪು ಹೇಳುವವರು ಬಹು ಮಂದಿ. ಅದನ್ನು ವಿಚಾರಿಸಿ ನೋಡುವವರು ವಿರಳ. ಹಳೆಯ ಬಗೆಯ ಫ್ಯಾನಿನ ಕಾಲದಲ್ಲಿ ಈ ತೀರ್ಪು ಎರಡೇ ಮಾತಿನಲ್ಲಿ ಮುಗಿಯುತ್ತಿದ್ದಿತು. "ಕೆಪಾಸಿಟರ್ ಹೋಗಿದೆ" ಎಂಬುದೊಂದು, "ಕಾಯಿಲ್ ಸುಟ್ಟಿದೆ" ಎಂಬುದು ಇನ್ನೊಂದು. ಬಹುಮಟ್ಟಿಗೆ ಇವೆರಡರಲ್ಲಿ ಒಂದು ನಿಜವೂ ಆಗಿರುತ್ತಿದ್ದಿತು. ಆದರೆ ಇತ್ತೀಚಿನ ವರ್ಷಗಳಲ್ಲಿ ಬಿ.ಎಲ್.ಡಿ.ಸಿ. ಎಂಬ ಹೆಸರಿನ ಹೊಸ ಜಾತಿಯ ಫ್ಯಾನು ನಮ್ಮ ಮನೆಗಳನ್ನು ಸೇರಿರುವುದು. ಇದು ಕೆಟ್ಟಾಗಲೂ ಹಳೆಯ ತೀರ್ಪನ್ನೇ ಹೇಳುವುದರಿಂದ, ಕೆಡದೆ ಇರುವ ಮೋಟಾರುಗಳು ಗುಜರಿಯ ಪಾಲಾಗುತ್ತಿವೆ. ಗೃಹಸ್ಥರ ಹಣವು ವ್ಯರ್ಥವಾಗುತ್ತಿದೆ. ಕೆಲವು ವೇಳೆ ಅರಿಯದೆ ಕೈಯಿಟ್ಟವರಿಗೆ ಅಪಾಯವೂ ಒದಗುವುದುಂಟು. ಆದಕಾರಣ ಈ ಯಂತ್ರದ ರಚನೆ ಎಂತಹುದು, ಅದು ನಿಂತಾಗ ಯಾವ ಕ್ರಮದಿಂದ ವಿಚಾರಿಸಬೇಕು ಎಂಬುದನ್ನು ನಮ್ಮ ಹಳೆಯ ವಿದ್ಯಾರ್ಥಿನಿಯರಿಗೂ ಅವರ ತಾಯಿತಂದೆಗಳಿಗೂ ಈ ಸಂಚಿಕೆಯ ಮೂಲಕ ಅರಿಕೆ ಮಾಡಬೇಕೆಂದಿರುವೆವು.

ನಮ್ಮ ಬೇಲೂರು ಮಲೆನಾಡಿನ ಅಂಚಿನಲ್ಲಿರುವ ತಂಪಾದ ಊರು. ಇಲ್ಲಿ ಮನೆಯನ್ನು ಕಾಯಿಸುವ ಯಂತ್ರವು ಬೇಕಿಲ್ಲ. ಮನೆಯನ್ನು ತಣಿಸುವ ಯಂತ್ರವೂ ಕೆಲವೇ ಮನೆಗಳಲ್ಲಿ ಉಂಟು. ಬಡವ ಬಲ್ಲಿದರೆಂಬ ಭೇದವಿಲ್ಲದೆ ಎಲ್ಲರ ಮನೆಯಲ್ಲಿಯೂ ಇರತಕ್ಕದ್ದು ಸೂರಿಗೆ ತೂಗುವ ಫ್ಯಾನೊಂದೇ. ಆದರೆ ನಮ್ಮಲ್ಲಿ ಓದಿದ ಸೋದರಿಯರು ಈ ಊರಿನಲ್ಲಿಯೇ ನಿಂತವರಲ್ಲ. ಬೆಂಗಳೂರಿಗೋ ರಾಯಚೂರು ಕಲಬುರಗಿಗಳ ಬಿಸಿಲಿಗೋ ಹೋಗಿ ನೆಲಸಿದವರ ಮನೆಗಳಲ್ಲಿ ಏ.ಸಿ. ಇರುವುದು, ಅಮೆರಿಕ, ಕೆನಡಾಗಳನ್ನು ಸೇರಿದವರ ಮನೆಗಳಲ್ಲಿ ಫರ್ನೇಸ್ ಎಂಬ ಬಿಸಿಗಾಳಿಯ ಒಲೆ ಇರುವುದು. ಹೊರಗಿನ ರೂಪವು ಬೇರೆ ಬೇರೆಯಾದರೂ, ಈಗ ತಯಾರಾಗುವ ಇಂತಹ ಯಂತ್ರಗಳಲ್ಲಿ ಗಾಳಿಯನ್ನು ನೂಕುವ ಮೋಟಾರು ಬಹುತೇಕ ಒಂದೇ ಜಾತಿಯದು. ಒಂದರ ವಿಚಾರಣಾಕ್ರಮವನ್ನು ಅರಿತರೆ ಉಳಿದವುಗಳದೂ ತಾನಾಗಿ ತಿಳಿಯುವುದು.

ಯಂತ್ರದ ಒಳರಚನೆ

ಹೈಸ್ಕೂಲಿನ ವಿಜ್ಞಾನದ ತರಗತಿಯಲ್ಲಿ ಕಲಿತ ಫ್ಲೆಮಿಂಗನ ಎಡಗೈ ನಿಯಮವನ್ನು ವಾಚಕರು ಒಮ್ಮೆ ಜ್ಞಾಪಿಸಿಕೊಳ್ಳಬೇಕು. ಆಯಸ್ಕಾಂತದ ಬಳಿಯಲ್ಲಿರುವ ತಂತಿಯೊಳಗೆ ವಿದ್ಯುತ್ತು ಹರಿದರೆ ಆ ತಂತಿಯನ್ನು ಒಂದು ಬಲವು ಪಕ್ಕಕ್ಕೆ ನೂಕುವುದು. ಸಕಲ ಮೋಟಾರುಗಳಿಗೂ ಇದೇ ಮೂಲ. ಹಳೆಯ ಫ್ಯಾನಿನಲ್ಲಿ ನಿಜವಾದ ಆಯಸ್ಕಾಂತವಿಲ್ಲ. ಕಂಬದಿಂದ ಬರುವ 230 ವೋಲ್ಟಿನ ವಿದ್ಯುತ್ತು ಒಂದು ಸೆಕೆಂಡಿಗೆ 50 ಆವೃತ್ತಿಗಳಂತೆ ದಿಕ್ಕನ್ನು ಬದಲಿಸುತ್ತ ಸುರುಳಿಗಳಲ್ಲಿ ಹರಿಯುವುದು. ಅದರ ಪ್ರೇರಣೆಯಿಂದ ಸುತ್ತಲ ಭಾಗದಲ್ಲಿಯೂ ವಿದ್ಯುತ್ತು ಹುಟ್ಟಿ ಅದು ತಿರುಗುವುದು. ಹೊರಡುವಾಗ ಯಾವ ಕಡೆಗೆ ತಿರುಗಬೇಕೆಂಬುದನ್ನು ಗೊತ್ತುಮಾಡಲು ಒಂದು ಸಣ್ಣ ಕೆಪಾಸಿಟರು ನೆರವಾಗುವುದು. ಹೀಗೆ ಪ್ರೇರಣೆಯಿಂದ ಆಯಸ್ಕಾಂತತ್ವವನ್ನು ಹುಟ್ಟಿಸುವುದರಲ್ಲಿಯೇ ಶಕ್ತಿಯ ಬಹುಭಾಗವು ಶಾಖವಾಗಿ ಪೋಲಾಗುವುದು. ಹಳೆಯ ಫ್ಯಾನಿನ ಬಟ್ಟಲನ್ನು ಮುಟ್ಟಿ ನೋಡಿದವರಿಗೆ ಆ ಬಿಸಿಯ ಅನುಭವವಿರಬೇಕು.

ಹೊಸ ಫ್ಯಾನಿನಲ್ಲಿ ತಿರುಗುವ ಭಾಗಕ್ಕೆ ಶಾಶ್ವತವಾದ ಆಯಸ್ಕಾಂತಗಳನ್ನೇ ಅಂಟಿಸಿರುವರು. ನಡುವೆ ನಿಂತಿರುವ ಸುರುಳಿಗಳು ಮೂರು ಗುಂಪಾಗಿರುವುವು. ಈ ಮೂರು ಗುಂಪುಗಳಿಗೆ ಸರದಿಯಂತೆ ವಿದ್ಯುತ್ತನ್ನು ಕೊಟ್ಟರೆ ಆಯಸ್ಕಾಂತವು ಒಂದರಿಂದ ಇನ್ನೊಂದಕ್ಕೆ ಎಳೆಯಲ್ಪಡುತ್ತ ತಿರುಗುವುದು. ಸರದಿಯನ್ನು ನಡೆಸುವ ಕೆಲಸವನ್ನು ಹಿಂದಿನ ಡಿ.ಸಿ. ಮೋಟಾರುಗಳಲ್ಲಿ ಇಂಗಾಲದ ಬ್ರಷ್ಷುಗಳು ಮಾಡುತ್ತಿದ್ದುವು. ಅವು ಉಜ್ಜಿ ಉಜ್ಜಿ ಸವೆಯುತ್ತಿದ್ದುವು. 1962ರಲ್ಲಿ ಅಮೆರಿಕದ ವಿಲ್ಸನ್ ಮತ್ತು ಟ್ರಿಕಿ ಎಂಬ ಇಬ್ಬರು ಎಂಜಿನಿಯರುಗಳು ಬ್ರಷ್ಷಿಗೆ ಬದಲಾಗಿ ಅರೆವಾಹಕ ಸ್ವಿಚ್ಚುಗಳಿಂದ ಸರದಿಯನ್ನು ನಡೆಸಬಹುದೆಂದು ಒಂದು ಪ್ರಬಂಧದಲ್ಲಿ ವಿವರಿಸಿದರು. 1980ರ ದಶಕದಲ್ಲಿ ಬಲವಾದ ಹೊಸ ಆಯಸ್ಕಾಂತಗಳೂ ಅಗ್ಗದ ವಿದ್ಯುನ್ಮಾನ ಬಿಲ್ಲೆಗಳೂ ದೊರೆತ ಮೇಲೆ ಈ ಮೋಟಾರು ಮನೆಬಳಕೆಗೆ ಬಂದಿತು. ಬ್ರಷ್ಷಿಲ್ಲದ ಡಿ.ಸಿ. ಮೋಟಾರು ಎಂಬುದೇ ಬಿ.ಎಲ್.ಡಿ.ಸಿ. ಎಂಬ ನಾಲ್ಕಕ್ಷರದ ಅರ್ಥ. ಅಮೆರಿಕದ ಫರ್ನೇಸಿನಲ್ಲಿ ಇದೇ ಜಾತಿಯದನ್ನು ಇ.ಸಿ.ಎಂ. ಎಂದು ಕರೆಯುವರು.

ಆದುದರಿಂದ ಈ ಯಂತ್ರದಲ್ಲಿ ಎರಡು ಅಂಗಗಳಿರುವುವೆಂದು ತಿಳಿಯಬೇಕು. ಸುರುಳಿ, ಆಯಸ್ಕಾಂತ, ಬೇರಿಂಗುಗಳು ಸೇರಿ ಅದರ ಮೈ. ಹಸುರು ಹಲಗೆಯ ಮೇಲೆ ಕೂರಿಸಿದ ವಿದ್ಯುನ್ಮಾನ ಭಾಗಗಳು, ಎಂದರೆ ಮೆಕ್ಯಾನಿಕರು ಬೋರ್ಡು ಎಂದು ಕರೆಯುವುದು, ಅದರ ಮಿದುಳು. ಈ ಬೋರ್ಡು 230 ವೋಲ್ಟಿನ ಎ.ಸಿ.ಯನ್ನು ಮೊದಲು ಡಿ.ಸಿ.ಯಾಗಿ ಮಾರ್ಪಡಿಸುವುದು, ಬಳಿಕ ಆರು ಸ್ವಿಚ್ಚುಗಳ ಮೂಲಕ ಮೂರು ಗುಂಪಿನ ಸುರುಳಿಗಳಿಗೆ ಸರದಿಯಂತೆ ಹಂಚುವುದು, ಆಯಸ್ಕಾಂತವು ಈಗ ಎಲ್ಲಿದೆಯೆಂಬುದನ್ನು ಕ್ಷಣಕ್ಷಣಕ್ಕೂ ಅರಿತು ಸರದಿಯನ್ನು ಹೊಂದಿಸುವುದು. ಮೈಯಲ್ಲಿ ಸವೆಯತಕ್ಕದ್ದು ಬೇರಿಂಗೊಂದೇ. ಅದು ಬಹುಕಾಲ ಬಾಳುವುದು. ಕೆಡುವುದು ಸಾಧಾರಣವಾಗಿ ಮಿದುಳು. ಅನೇಕ ವೇಳೆ ಅದೂ ಕೆಟ್ಟಿರುವುದಿಲ್ಲ, ಅದಕ್ಕೆ ತಲುಪಬೇಕಾದುದು ತಲುಪಿರುವುದಿಲ್ಲ.

ಇಷ್ಟೊಂದು ತೊಡಕಿನ ಯಂತ್ರವನ್ನು ಮನೆಗೆ ತಂದುದಾದರೂ ಏಕೆಂದು ಕೇಳಬಹುದು. 1200 ಮಿಲಿಮೀಟರಿನ ಹಳೆಯ ಫ್ಯಾನು ಪೂರ್ಣವೇಗದಲ್ಲಿ ಸುಮಾರು 75 ವಾಟನ್ನು ನುಂಗುವುದು. ಅದೇ ಅಳತೆಯ ಹೊಸದು 28ರಿಂದ 35 ವಾಟಿನಲ್ಲಿ ತೃಪ್ತಿಪಡುವುದು. ದಿನಕ್ಕೆ 10 ಗಂಟೆಯಂತೆ ಎಣಿಸಿದರೆ ಹಳೆಯದಕ್ಕೆ 0.75 ಯೂನಿಟ್, 28 ವಾಟಿನ ಹೊಸದಕ್ಕೆ 0.28 ಯೂನಿಟ್, ಉಳಿತಾಯ 0.47 ಯೂನಿಟ್. ವರ್ಷವೆಲ್ಲ ಓಡಿದರೆ ಒಂದು ಫ್ಯಾನಿಗೆ ಸುಮಾರು 170 ಯೂನಿಟ್. ನಮ್ಮ ತಂಪು ಊರಿನಲ್ಲಿ ಅರ್ಧ ವರ್ಷ ಓಡಿದರೂ 85. ಮನೆಯಲ್ಲಿ ಬ್ಯಾಟರಿಯ ಇನ್ವರ್ಟರನ್ನು ಇಟ್ಟವರಿಗೆ ಕರೆಂಟು ಹೋದ ರಾತ್ರಿ ಎರಡರಷ್ಟು ಹೊತ್ತು ಗಾಳಿ ದೊರೆಯುವ ಲಾಭವೂ ಉಂಟು. 2023ರ ಜನವರಿಯಿಂದ ಭಾರತದಲ್ಲಿ ಸೂರಿನ ಫ್ಯಾನುಗಳಿಗೆ ನಕ್ಷತ್ರದ ಚೀಟಿ ಕಡ್ಡಾಯವಾದ ಮೇಲಂತೂ ಹೊಸ ಜಾತಿಯ ಪ್ರಚಾರವು ಬೆಳೆದಿರುವುದು.

ಮೊದಲು ಎಚ್ಚರಿಕೆ

ವಿಚಾರಣೆಗೆ ಇಳಿಯುವ ಮುನ್ನ ಒಂದು ಮಾತನ್ನು ಒತ್ತಿ ಹೇಳಬೇಕಾಗಿದೆ. ಹಳೆಯ ಫ್ಯಾನಿಗೆ ವಿದ್ಯುತ್ತು ಬರುವುದನ್ನು ನಿಲ್ಲಿಸಿದ ಕೂಡಲೇ ಅದು ಬಹುಮಟ್ಟಿಗೆ ನಿರಪಾಯವಾಗುತ್ತಿದ್ದಿತು. ಹೊಸದು ಹಾಗಲ್ಲ. 230 ವೋಲ್ಟಿನ ಎ.ಸಿ.ಯನ್ನು ಡಿ.ಸಿ.ಯಾಗಿ ಮಾರ್ಪಡಿಸಿದಾಗ ಅದು ಸುಮಾರು 325 ವೋಲ್ಟಿಗೆ ಏರಿ ಬೋರ್ಡಿನ ಮೇಲಿರುವ ದೊಡ್ಡ ಕೆಪಾಸಿಟರಿನಲ್ಲಿ ತುಂಬಿಕೊಳ್ಳುವುದು. ಕಟ್ಟೆಯನ್ನು ಮುಚ್ಚಿದರೂ ಕಾಲುವೆಯಲ್ಲಿ ನೀರು ಉಳಿಯುವಂತೆ, ಸ್ವಿಚ್ಚನ್ನು ಆರಿಸಿದ ಮೇಲೂ ಆ ಸಂಚಯವು ಕೆಲವು ಹೊತ್ತು ಉಳಿಯುವುದು. ಆದುದರಿಂದ ವಿದ್ಯುತ್ತನ್ನು ಕಡಿದ ಬಳಿಕ ಕನಿಷ್ಠ 5 ನಿಮಿಷ ಕಾಯದೆ ಮುಚ್ಚಳವನ್ನು ತೆರೆಯಕೂಡದು. ತೆರೆದ ಮೇಲೂ ಮೀಟರಿನಿಂದ ಅಳೆದು, ಉಳಿದಿಲ್ಲವೆಂದು ಕಂಡುಕೊಳ್ಳದೆ ಮುಟ್ಟಕೂಡದು.

ಗೋಡೆಯ ಸ್ವಿಚ್ಚನ್ನು ಆರಿಸಿದರೆ ಸಾಲದು, ಎಂ.ಸಿ.ಬಿ.ಯನ್ನೋ ಮೇನ್ ಸ್ವಿಚ್ಚನ್ನೋ ಇಳಿಸಬೇಕು. ಹಳೆಯ ಮನೆಗಳಲ್ಲಿ ಸ್ವಿಚ್ಚನ್ನು ಫೇಸ್ ತಂತಿಗೆ ಕೂಡಿಸದೆ ನ್ಯೂಟ್ರಲ್ ತಂತಿಗೆ ಕೂಡಿಸಿರುವುದುಂಟು. ಅಂತಲ್ಲಿ ಸ್ವಿಚ್ಚು ಆರಿದ್ದರೂ ಫ್ಯಾನಿನವರೆಗೆ ಫೇಸ್ ಬಂದು ನಿಂತಿರುವುದು. ಈ ಲೇಖನದಲ್ಲಿ ಹೇಳುವ ಪ್ರಶ್ನೆಗಳಲ್ಲಿ ಮೊದಲ ಮೂರನ್ನು ಗೃಹಿಣಿಯರು ಮುಚ್ಚಳ ತೆರೆಯದೆ ತಾವೇ ಬಹುಮಟ್ಟಿಗೆ ವಿಚಾರಿಸಬಹುದು. ಮೀಟರು ಹಿಡಿಯುವ ಕೆಲಸವೂ ನಾಲ್ಕನೆಯ ಪ್ರಶ್ನೆಯೂ ಬಲ್ಲ ಎಲೆಕ್ಟ್ರಿಷಿಯನ್ನನದು. ಆದರೆ ಅವನು ಏನನ್ನು ಏಕೆ ಮಾಡುತ್ತಿರುವನೆಂಬುದು ಮನೆಯವರಿಗೆ ತಿಳಿದಿರಬೇಕು. ಫ್ಯಾನಿಗೆ ವಾರಂಟಿಯ ಅವಧಿ ಮುಗಿದಿರದಿದ್ದರೆ ಬಿಚ್ಚದೆ ಕಂಪನಿಯವರಿಗೇ ತಿಳಿಸುವುದು ಲೇಸು.

ಮೊದಲನೆಯ ಪ್ರಶ್ನೆ: ಯಂತ್ರಕ್ಕೆ ಅನ್ನವು ತಲುಪಿದೆಯೆ?

ಅದೇ ಕೋಣೆಯ ದೀಪವು ಉರಿಯುತ್ತಿದೆಯೇ ಎಂಬುದನ್ನು ಮೊದಲು ನೋಡಬೇಕು. ದೀಪವು ಉರಿದು ಫ್ಯಾನು ಮಾತ್ರ ನಿಂತಿದ್ದರೆ, ಫ್ಯಾನಿನ ಮೇಲುಬಟ್ಟಲಿನಲ್ಲಿರುವ ಕನೆಕ್ಟರಿನಲ್ಲಿ ವಿದ್ಯುತ್ತು ಇದೆಯೇ ಎಂದು ಮೀಟರಿನಿಂದ ಅಳೆಯಿಸಬೇಕು. ಟೆಸ್ಟರ್ ಒಂದನ್ನೇ ನಂಬಕೂಡದು. ಟೆಸ್ಟರ್ ಫೇಸ್ ಇರುವುದನ್ನು ತೋರಿಸುವುದೇ ಹೊರತು, ನ್ಯೂಟ್ರಲ್ ಕಡಿದಿರುವುದನ್ನು ನೇರವಾಗಿ ಹೇಳದು. ಟೆಸ್ಟರ್ ಎರಡು ತಂತಿಗಳಲ್ಲಿಯೂ ಉರಿದರೆ ನ್ಯೂಟ್ರಲ್ ಎಲ್ಲಿಯೋ ಕಡಿದಿದೆಯೆಂದು ಸಂಶಯಪಡಬೇಕು.

ಇಲ್ಲಿ ಬಹಳ ಮಂದಿ ಎಡವುವ ಒಂದು ಸ್ಥಳವುಂಟು. ಅದು ಗೋಡೆಯ ಮೇಲಿನ ಹಳೆಯ ರೆಗ್ಯುಲೇಟರು. ಹೊಸ ಫ್ಯಾನನ್ನು ತಂದು ಹಳೆಯ ಕೊಕ್ಕೆಗೆ ತೂಗಿಹಾಕುವರು. ರೆಗ್ಯುಲೇಟರನ್ನು ಮಾತ್ರ ಇದ್ದಲ್ಲಿಯೇ ಬಿಡುವರು. ಅದು ವಿದ್ಯುತ್ತಿನ ಅಲೆಯನ್ನು ಕತ್ತರಿಸಿಯೋ ತಗ್ಗಿಸಿಯೋ ಕೊಡುವುದು. ಹಳೆಯ ಮೋಟಾರಿಗೆ ಅದು ವೇಗವನ್ನು ಇಳಿಸುವ ಉಪಾಯವಾಗಿದ್ದಿತು. ಹೊಸ ಬೋರ್ಡಿಗೆ ಅದೇ ಅರೆಹೊಟ್ಟೆಯ ಊಟ. ಫ್ಯಾನು ಹೊರಟು ನಿಲ್ಲುವುದು, ವೇಗವು ತಾನಾಗಿ ಏರಿಳಿಯುವುದು, ಬೋರ್ಡಿನಿಂದ ಗುಂಯ್ ಎಂಬ ಸದ್ದು ಬರುವುದು ಇದರ ಲಕ್ಷಣಗಳು. ಹೀಗೆಯೇ ಬಹುಕಾಲ ನಡೆದರೆ ಬೋರ್ಡು ಕೆಡಲೂಬಹುದು. ಗೋಡೆಯ ರೆಗ್ಯುಲೇಟರಿಗೆಂದೇ ಮಾಡಿದ ಕೆಲವು ಮಾದರಿಗಳು ಉಂಟು. ಉಳಿದವುಗಳಿಗೆ ಅದನ್ನು ತೆಗೆದು ಸ್ವಿಚ್ಚಿನಿಂದ ನೇರವಾಗಿ ತಂತಿಯನ್ನು ಕೊಡಿಸಬೇಕು. ಯಾವುದು ಸರಿಯೆಂಬುದನ್ನು ಫ್ಯಾನಿನೊಡನೆ ಬಂದ ಕೈಪಿಡಿಯಲ್ಲಿ ಬರೆದಿರುವರು. ಆ ಕೈಪಿಡಿಯನ್ನು ಅಂಗಡಿಯ ಡಬ್ಬಿಯೊಡನೆ ಒಲೆಗೆ ಹಾಕದೆ ಕಾಪಾಡಿಟ್ಟುಕೊಳ್ಳಬೇಕು.

ಎರಡನೆಯ ಪ್ರಶ್ನೆ: ಆಜ್ಞೆಯು ಮುಟ್ಟಿದೆಯೆ?

ಅನ್ನವಿದ್ದರೂ ಅಪ್ಪಣೆಯಿಲ್ಲದೆ ಈ ಯಂತ್ರವು ತಿರುಗದು. ಹಳೆಯ ಫ್ಯಾನಿಗೂ ಹೊಸದಕ್ಕೂ ಇರುವ ದೊಡ್ಡ ಅಂತರವಿದು. ರಿಮೋಟಿನಿಂದ ನಿಲ್ಲಿಸಿದ ಫ್ಯಾನಿಗೆ ಗೋಡೆಯಲ್ಲಿ ವಿದ್ಯುತ್ತು ಇದ್ದರೂ ಅದು ಸುಮ್ಮನೆ ನಿಂತಿರುವುದು. ಮಕ್ಕಳು ರಿಮೋಟಿನ ಗುಂಡಿಯನ್ನೊತ್ತಿ ಬಿಟ್ಟಿದ್ದರೂ, ನಿದ್ರಾಕಾಲದ ಟೈಮರು ಹೊಂದಿಕೆಯಾಗಿದ್ದರೂ, ಫ್ಯಾನು ಕೆಟ್ಟಿತೆಂಬ ಭ್ರಾಂತಿಯುಂಟಾಗುವುದು.

ರಿಮೋಟಿನ ಎರಡು ಸೆಲ್ಲುಗಳನ್ನು ಬದಲಾಯಿಸಿ ನೋಡುವುದು ಮೊದಲ ಕೆಲಸ. ಬಳಿಕ ಮೊಬೈಲಿನ ಕ್ಯಾಮೆರಾವನ್ನು ತೆರೆದು, ರಿಮೋಟಿನ ಮೂತಿಯನ್ನು ಅದರ ಕಡೆಗೆ ಹಿಡಿದು ಗುಂಡಿಯನ್ನು ಒತ್ತಬೇಕು. ಸಾಮಾನ್ಯ ರಿಮೋಟು ಅತಿಗೆಂಪು ಬೆಳಕಿನಿಂದ ಮಾತನಾಡುವುದು. ನಮ್ಮ ಕಣ್ಣಿಗೆ ಅದು ಕಾಣದಿದ್ದರೂ ಅನೇಕ ಮೊಬೈಲುಗಳ, ವಿಶೇಷವಾಗಿ ಮುಂಬದಿಯ, ಕ್ಯಾಮೆರಾಗಳಿಗೆ ನೇರಳೆ ಬಣ್ಣದ ಮಿನುಗಾಗಿ ಕಾಣುವುದು. ಮಿನುಗು ಕಂಡರೆ ರಿಮೋಟು ಸರಿಯಾಗಿದೆ. ಸರಿಯೆಂದು ಗೊತ್ತಿರುವ ಬೇರೆ ರಿಮೋಟಿನ ಮಿನುಗು ಕಂಡು ಇದರದು ಕಾಣದಿದ್ದರೆ ಇದು ಕೆಟ್ಟಿದೆಯೆಂದು ತಿಳಿಯಬಹುದು. ಅನೇಕ ಮಾದರಿಗಳಲ್ಲಿ ಗೋಡೆಯ ಸ್ವಿಚ್ಚನ್ನು ಆರಿಸಿ ಹಚ್ಚಿದರೆ ರಿಮೋಟಿಲ್ಲದೆಯೇ ಫ್ಯಾನು ಹೊರಡುವುದು. ಹಾಗೆ ಹೊರಟರೆ ಮೋಟಾರೂ ಬೋರ್ಡೂ ಸುಸ್ಥಿತಿಯಲ್ಲಿವೆ. ಕೊರತೆಯಿರುವುದು ರಿಮೋಟಿನಲ್ಲಿ ಅಥವಾ ಅದರ ಬೆಳಕನ್ನು ಗ್ರಹಿಸುವ ಕಣ್ಣಿನಲ್ಲಿ. ಆ ಕಣ್ಣಿಗೆ ಧೂಳು ಮುಚ್ಚಿದ್ದರೂ ಆಜ್ಞೆಯು ಮುಟ್ಟದು.

ಮೂರನೆಯ ಪ್ರಶ್ನೆ: ಹೊರೆಯು ಹೆಚ್ಚಾಗಿದೆಯೆ?

ವಿದ್ಯುತ್ತನ್ನು ಕಡಿದು, ಗಟ್ಟಿಯಾದ ಏಣಿಯ ಮೇಲೆ ನಿಂತು, ರೆಕ್ಕೆಯನ್ನು ಬೆರಳಿನಿಂದ ಮೆಲ್ಲನೆ ತಿರುಗಿಸಿ ನೋಡಬೇಕು. ಆಯಸ್ಕಾಂತಗಳ ಸೆಳೆತದಿಂದ ಕೈಗೆ ಸಣ್ಣ ಸಣ್ಣ ಮೆಟ್ಟಿಲುಗಳಂತೆ ತಡೆಯು ತಾಕುವುದು. ಅದು ಸಮನಾಗಿದ್ದರೆ ದೋಷವಲ್ಲ. ಗರಗರ ಸದ್ದು ಬಂದರೆ, ರೆಕ್ಕೆಯು ಮೇಲೆ ಕೆಳಗೆ ಅಲುಗಿದರೆ, ಬೇರಿಂಗು ಸವೆದಿದೆ. ರೆಕ್ಕೆಗಳ ಮೇಲೆ ಹಿಡಿದ ಧೂಳು ಒಂದೊಂದರಲ್ಲಿ ಒಂದೊಂದು ತೂಕವಾಗಿದ್ದರೆ ಫ್ಯಾನು ನಡುಗುವುದು. ಆ ನಡುಕವು ಬೇರಿಂಗನ್ನೂ ಬೋರ್ಡಿನ ಬೆಸುಗೆಗಳನ್ನೂ ಸಡಿಲಿಸುವುದು. ಒದ್ದೆ ಬಟ್ಟೆಯಿಂದ ರೆಕ್ಕೆಯನ್ನು ಒರಸುವ ಹಬ್ಬದ ಮುನ್ನಾದಿನದ ಕೆಲಸವು ಯಂತ್ರದ ಆಯುಸ್ಸಿಗೂ ಒಳ್ಳೆಯದು. ನೀರು ಮಾತ್ರ ನಡುಬಟ್ಟಲಿಗೆ ಇಳಿಯಬಾರದು.

ಹೊರಡುವಾಗ ಒಂದೆರಡು ಬಾರಿ ಹಿಂದೆ ಮುಂದೆ ತೂಗಿ ಬಳಿಕ ತಿರುಗತೊಡಗುವುದು ಈ ಜಾತಿಯ ಅನೇಕ ಮೋಟಾರುಗಳ ಸ್ವಭಾವ. ಆಯಸ್ಕಾಂತವು ಎಲ್ಲಿದೆಯೆಂದು ಮಿದುಳು ತಡಕಿ ನೋಡುವ ಕ್ರಮವದು. ಅದನ್ನು ಕಂಡು ಗಾಬರಿಪಡಬೇಕಾದುದಿಲ್ಲ. ಆದರೆ ತೂಗುತ್ತಲೇ ಇದ್ದು ತಿರುಗದೆ ಹೋದರೆ, ಮೂರು ಸುರುಳಿಗಳಲ್ಲಿ ಒಂದಕ್ಕೆ ವಿದ್ಯುತ್ತು ತಲುಪುತ್ತಿಲ್ಲವೆಂದೋ ಹೊರೆಯು ಮಿತಿಮೀರಿದೆಯೆಂದೋ ತಿಳಿಯಬೇಕು. ಮೊದಲನೆಯದಾದರೆ ನಾಲ್ಕನೆಯ ಪ್ರಶ್ನೆಗೆ ಹೋಗಬೇಕಾಗುವುದು.

ನಾಲ್ಕನೆಯ ಪ್ರಶ್ನೆ: ಕೆಟ್ಟಿರುವುದು ಮಿದುಳೋ ಮೈಯೋ?

ಮೇಲಿನ ಮೂರು ಪ್ರಶ್ನೆಗಳಿಗೆ ಸಮಾಧಾನಕರವಾದ ಉತ್ತರವು ದೊರೆತ ಮೇಲೆಯೇ ಮುಚ್ಚಳವನ್ನು ತೆರೆಯುವ ಮಾತು. ವಿದ್ಯುತ್ತನ್ನು ಕಡಿದು 5 ನಿಮಿಷ ಕಾದ ಬಳಿಕ ಮೆಕ್ಯಾನಿಕನು ಬೋರ್ಡಿನಿಂದ ಮೋಟಾರಿಗೆ ಹೋಗುವ ಮೂರು ತಂತಿಗಳ ಕನೆಕ್ಟರನ್ನು ಬಿಡಿಸುವನು. ಬಿಡಿಸುವ ಮುನ್ನ ಒಮ್ಮೆ, ಬಿಡಿಸಿದ ಮೇಲೆ ಒಮ್ಮೆ, ಮೋಟಾರನ್ನು ಕೈಯಿಂದ ತಿರುಗಿಸಿ ನೋಡಬೇಕು. ಬೋರ್ಡು ಕೂಡಿದ್ದಾಗ ಬಿಗಿಯಾಗಿದ್ದ ಮೋಟಾರು ಬೋರ್ಡನ್ನು ಬಿಡಿಸಿದೊಡನೆ ಹಗುರಾಗಿ ತಿರುಗಿದರೆ, ಬೋರ್ಡಿನ ಸ್ವಿಚ್ಚುಗಳು ಒಳಗೊಳಗೇ ಕೂಡಿಕೊಂಡು ಶಾರ್ಟ್ ಆಗಿವೆಯೆಂದು ಅರ್ಥ. ಮೈಗೆ ಏನೂ ಆಗಿಲ್ಲ. ಬಿಡಿಸಿದ ಮೇಲೂ ಬಿಗಿಯಾಗಿಯೇ ಇದ್ದರೆ ದೋಷವು ಬೇರಿಂಗಿನಲ್ಲಿ ಅಥವಾ ಸುರುಳಿಯಲ್ಲಿ. ಈ ಪರೀಕ್ಷೆಗೆ ಯಾವ ಉಪಕರಣವೂ ಬೇಡ.

ಮುಂದೆ ಮೀಟರಿನಿಂದ ಮೂರು ತಂತಿಗಳ ನಡುವಣ ರೋಧವನ್ನು ಅಳೆಯಬೇಕು: ಒಂದು ಎರಡರ ನಡುವೆ, ಎರಡು ಮೂರರ ನಡುವೆ, ಮೂರು ಒಂದರ ನಡುವೆ. ಮೂರು ಅಳತೆಗಳೂ ಹೆಚ್ಚುಕಡಿಮೆ ಸಮನಾಗಿರಬೇಕು. ಎಷ್ಟು ಓಮ್ ಎಂಬುದು ಮಾದರಿಯಿಂದ ಮಾದರಿಗೆ ಬೇರೆಯಾದರೂ ಸಮತ್ವವು ತಪ್ಪಕೂಡದು. ಒಂದು ಅಳತೆಯು ಉಳಿದೆರಡಕ್ಕಿಂತ ಬಹಳ ಕಡಿಮೆಯಾದರೆ ಸುರುಳಿಯು ಒಳಗೆ ಸುಟ್ಟು ಕೂಡಿಕೊಂಡಿದೆ. ಅಳತೆಯೇ ಬಾರದಿದ್ದರೆ ತಂತಿಯು ಕಡಿದಿದೆ. ಕಡೆಯದಾಗಿ ಪ್ರತಿಯೊಂದು ತಂತಿಗೂ ಮೋಟಾರಿನ ಲೋಹದ ಮೈಗೂ ನಡುವೆ ಅಳೆಯಬೇಕು. ಅಲ್ಲಿ ಸಂಬಂಧವೇ ಇರಕೂಡದು. ಅಳತೆಯು ಒಂದು ಲಕ್ಷ ಓಮಿಗಿಂತ ಕೆಳಗಿಳಿದರೆ ಆ ಮೋಟಾರನ್ನು ಬಳಸುವುದು ಅಪಾಯ.

ಮೂರೂ ಸಮನಾಗಿ, ಮೈಗೆ ಸೋರಿಕೆಯಿಲ್ಲದೆ, ಕೈಯಲ್ಲಿ ಹಗುರಾಗಿ ತಿರುಗುವ ಮೋಟಾರು ಬಹುಮಟ್ಟಿಗೆ ನಿರ್ದೋಷಿ. ಅದನ್ನು ಎಸೆಯಬೇಕಾಗಿಲ್ಲ, ಅದೇ ಕಂಪನಿಯ ಅದೇ ಮಾದರಿಯ ಬೋರ್ಡನ್ನು ತರಿಸಿ ಕೂಡಿಸಿದರೆ ಸಾಕು. ಬೋರ್ಡಿನ ಬೆಲೆಯು ಸಾಮಾನ್ಯವಾಗಿ ಹೊಸ ಫ್ಯಾನಿನ ಬೆಲೆಗಿಂತ ಬಹಳ ಕಡಿಮೆ. ಬೇರೆ ಮಾದರಿಯದು ಆಕಾರದಲ್ಲಿ ಹೊಂದಿದರೂ ಒಳಗಿನ ಲೆಕ್ಕವು ಹೊಂದದಿರುವುದರಿಂದ ಒಳ್ಳೆಯ ಮೋಟಾರನ್ನು ಕೆಡಿಸೀತು.

ಏ.ಸಿ.ಯಲ್ಲಿಯೂ ಹೊರದೇಶದ ಫರ್ನೇಸಿನಲ್ಲಿಯೂ

ಏ.ಸಿ.ಯ ಒಳಪೆಟ್ಟಿಗೆಯಲ್ಲಿ ಗಾಳಿಯನ್ನು ನೂಕುವ ಉರುಳೆಯನ್ನು ತಿರುಗಿಸತಕ್ಕದ್ದೂ ಈಚಿನ ಅನೇಕ ಮಾದರಿಗಳಲ್ಲಿ ಇದೇ ಜಾತಿಯ ಮೋಟಾರು. ಇಲ್ಲಿ ಸರದಿ ನಡೆಸುವ ಮಿದುಳಿನ ಭಾಗವು ಮೋಟಾರಿನ ಒಳಗೇ ಇರುವುದು. ಪೆಟ್ಟಿಗೆಯ ದೊಡ್ಡ ಬೋರ್ಡಿನಿಂದ ಅದಕ್ಕೆ ಸಾಮಾನ್ಯವಾಗಿ ಐದು ತಂತಿಗಳು ಹೋಗುವುವು. ಒಂದರಲ್ಲಿ ಸುಮಾರು 310 ವೋಲ್ಟಿನ ಅನ್ನ; ಒಂದರಲ್ಲಿ 15 ವೋಲ್ಟಿನ ಸಣ್ಣ ಆಹಾರ; ಒಂದರಲ್ಲಿ ವೇಗದ ಆಜ್ಞೆ; ಒಂದರಲ್ಲಿ "ನಾನು ಇಷ್ಟು ಸುತ್ತಿದೆನು" ಎಂಬ ಮೋಟಾರಿನ ಮರುವರದಿ; ಉಳಿದೊಂದು ಎಲ್ಲಕ್ಕೂ ಸಾಮಾನ್ಯವಾದುದು. ಅನ್ನವೂ ಆಜ್ಞೆಯೂ ಬಂದಿದ್ದು ಮೋಟಾರು ತಿರುಗದಿದ್ದರೆ ದೋಷವು ಮೋಟಾರಿನದು. ಅವೇ ಬಾರದಿದ್ದರೆ ಸಂಶಯವು ದೊಡ್ಡ ಬೋರ್ಡಿನ ಮೇಲೆ ಹೋಗಬೇಕು. ಮೋಟಾರು ಒಂದೆರಡು ಕ್ಷಣ ತಿರುಗಿ ನಿಂತು ಏ.ಸಿ.ಯು ತಪ್ಪಿನ ಸಂಕೇತವನ್ನು ತೋರಿಸಿದರೆ ಮರುವರದಿಯು ತಲುಪುತ್ತಿಲ್ಲವೆಂದು ಊಹಿಸಬಹುದು. ವಿದ್ಯುತ್ತು ಇರುವಾಗ ಈ ಐದು ತಂತಿಗಳ ಕನೆಕ್ಟರನ್ನು ಬಿಡಿಸುವುದಾಗಲಿ ಕೂಡಿಸುವುದಾಗಲಿ ಎಂದಿಗೂ ಸಲ್ಲದು. ಆ ಒಂದು ಕ್ಷಣದ ಕಿಡಿಯಿಂದ ಮೋಟಾರೂ ಬೋರ್ಡೂ ಒಟ್ಟಿಗೆ ಹೋಗುವುದುಂಟು.

ಅಮೆರಿಕ, ಕೆನಡಾಗಳ ಅನೇಕ ಮನೆಗಳಲ್ಲಿ ಗ್ಯಾಸಿನಿಂದ ಕಾದ ಗಾಳಿಯನ್ನು ನಾಳಗಳ ಮೂಲಕ ಕೋಣೆ ಕೋಣೆಗೆ ನೂಕುವ ಬ್ಲೋಯರು ಇರುವುದು. ಬೇಸಗೆಯಲ್ಲಿ ಅದೇ ಬ್ಲೋಯರು ತಣ್ಣನೆಯ ಗಾಳಿಯನ್ನು ನೂಕುವುದು. 2019ರ ಜುಲೈ 3ರಿಂದ ತಯಾರಾಗುವ ಫರ್ನೇಸುಗಳ ಬ್ಲೋಯರಿಗೆ ಅಮೆರಿಕದ ಸರ್ಕಾರವು ವಿದ್ಯುತ್ ಮಿತವ್ಯಯದ ನಿಯಮವನ್ನು ವಿಧಿಸಿದುದರಿಂದ ಈ ಮೋಟಾರು ಅಲ್ಲಿ ಬಹು ಸಾಮಾನ್ಯವಾಯಿತು. ಹಿಮ ಬೀಳುವ ರಾತ್ರಿಯಲ್ಲಿ ಬ್ಲೋಯರು ನಿಂತರೆ ಒಲೆಯು ಮಿತಿಮೀರಿ ಕಾದು, ರಕ್ಷಣೆಯ ಸ್ವಿಚ್ಚಿನಿಂದ ತಾನಾಗಿ ಆರಿಹೋಗುವುದು. ಮನೆಯು ತಣ್ಣಗಾಗುತ್ತ ಬಂದು ನೀರಿನ ಕೊಳವೆಗಳು ಹೆಪ್ಪುಗಟ್ಟಿ ಒಡೆಯುವ ಸಂಭವವೂ ಉಂಟು. ಮಗಳ ಬಾಣಂತನಕ್ಕೆಂದು ಅಲ್ಲಿಗೆ ಹೋದ ತಾಯಿಗೂ ಈ ತಿಳಿವಳಿಕೆಯು ಉಪಯೋಗಕ್ಕೆ ಬರಬಹುದು.

ಅಲ್ಲಿಯೂ ಪ್ರಶ್ನೆಗಳು ಇವೇ ನಾಲ್ಕು. ಆಜ್ಞೆಯು ಗೋಡೆಯ ಥರ್ಮೋಸ್ಟಾಟಿನಿಂದ 24 ವೋಲ್ಟಿನ ಸಂಕೇತವಾಗಿ ಹೊರಟು ಫರ್ನೇಸಿನ ಬೋರ್ಡಿಗೆ ಬರುವುದು. ಬೋರ್ಡು ಅದನ್ನು ಮೋಟಾರಿಗೆ ಮುಟ್ಟಿಸುವುದು. ಅನ್ನವಿದ್ದು ಆಜ್ಞೆಯಿಲ್ಲದಿದ್ದರೆ ಮೋಟಾರನ್ನು ದೂರುವುದು ಅನ್ಯಾಯ. ಆದರೆ ಮೂರನೆಯ ಪ್ರಶ್ನೆಯಲ್ಲಿ ಒಂದು ವಿಶೇಷವುಂಟು. ಹಳೆಯ ಬ್ಲೋಯರಿನ ದಾರಿಯಲ್ಲಿ ಫಿಲ್ಟರಿಗೆ ಧೂಳು ಕಟ್ಟಿದರೆ ಗಾಳಿಯು ಕಡಿಮೆಯಾಗುತ್ತಿದ್ದಿತು. ಮನೆಯವರಿಗೆ ಕೂಡಲೇ ತಿಳಿಯುತ್ತಿದ್ದಿತು. ಹೊಸ ಬ್ಲೋಯರುಗಳಲ್ಲಿ ಗಾಳಿಯ ಪ್ರಮಾಣವನ್ನು ಕಾಯುವ ಬಗೆಯದು, ದಾರಿಯು ಕಟ್ಟಿದಷ್ಟೂ ತಾನೇ ವೇಗವನ್ನು ಏರಿಸಿಕೊಂಡು ಗೊತ್ತಾದ ಗಾಳಿಯನ್ನೇ ಕೊಡಲು ಹೆಣಗುವುದು. ಮನೆಯವರಿಗೆ ಕೊರತೆಯು ಕಾಣಿಸದು. ಸದ್ದು ಮಾತ್ರ ಏರುವುದು, ವಿದ್ಯುತ್ತಿನ ಖರ್ಚೂ ಏರುವುದು, ಮಿದುಳು ಕಾಯುವುದು. ದೂರದೆ ದುಡಿಯುವವರ ಬಳಲಿಕೆಯು ಮನೆಯವರ ಕಣ್ಣಿಗೆ ಬೀಳುವುದು ತಡವಾಗಿ. ಈ ಯಂತ್ರದ ರೀತಿಯೂ ಅಂತಹುದೇ. ಬ್ಲೋಯರಿನ ಸದ್ದು ಏರಿದುದನ್ನು ಕೇಳಿದ ದಿನವೇ ಫಿಲ್ಟರನ್ನು ತೆಗೆದು ನೋಡತಕ್ಕದ್ದು.

ಕೆಟ್ಟುದಕ್ಕೆ ಕಾರಣವೇನು?

ಹೊಸ ಬೋರ್ಡನ್ನು ಕೂಡಿಸಿದೊಡನೆ ಕೆಲಸವು ಮುಗಿಯಿತೆಂದು ಭಾವಿಸಬಾರದು. ಹಳೆಯ ಬೋರ್ಡು ಏಕೆ ಸುಟ್ಟಿತೆಂಬುದನ್ನು ಅರಿಯದಿದ್ದರೆ ಹೊಸದೂ ಅದೇ ದಾರಿಯನ್ನು ಹಿಡಿಯುವುದು. ನಮ್ಮ ಸೀಮೆಯಲ್ಲಿ ಮುಖ್ಯವಾದ ಕಾರಣಗಳು ಮೂರು.

ಮೊದಲನೆಯದು ವಿದ್ಯುತ್ತಿನ ಹೊಡೆತ. ಏಪ್ರಿಲ್ ಮೇ ತಿಂಗಳುಗಳಲ್ಲಿ ಮುಂಗಾರಿಗೆ ಮುಂಚೆ ಬರುವ ಗುಡುಗು ಸಿಡಿಲಿನ ಮಳೆಯಲ್ಲಿ ತಂತಿಗಳ ಮೂಲಕ ಒಂದು ಕ್ಷಣ ಅತಿಯಾದ ವೋಲ್ಟೇಜು ಮನೆಯೊಳಕ್ಕೆ ನುಗ್ಗುವುದು. ಅಂತಹ ಸಮಯದಲ್ಲಿ ಎಂ.ಸಿ.ಬಿ.ಯನ್ನು ಇಳಿಸಿ ಫ್ಯಾನನ್ನು ಬೇರ್ಪಡಿಸುವುದು ಖರ್ಚಿಲ್ಲದ ರಕ್ಷಣೆ. ಇನ್ನೂ ಕೇಡಿನದು ಬೀದಿಯ ಕಂಬದಲ್ಲಿ ನ್ಯೂಟ್ರಲ್ ತಂತಿಯು ಕಡಿಯುವುದು. ಆಗ 230 ವೋಲ್ಟು ಬರಬೇಕಾದ ಮನೆಗೆ 400 ವೋಲ್ಟಿನ ಸಮೀಪದವರೆಗೂ ಬರಬಹುದು. ಕೆಲವು ದೀಪಗಳು ಕಣ್ಣು ಕುಕ್ಕುವಂತೆ ಉರಿದು, ಬೇರೆ ಕೆಲವು ಮಂಕಾದರೆ ಅದೇ ಸೂಚನೆ. ತಡಮಾಡದೆ ಮೇನ್ ಸ್ವಿಚ್ಚನ್ನು ಇಳಿಸಬೇಕು. ಹಾಸನ ಜಿಲ್ಲೆಗೆ ವಿದ್ಯುತ್ತನ್ನು ಹಂಚುವ ಚಾಮುಂಡೇಶ್ವರಿ ವಿದ್ಯುತ್ ಸರಬರಾಜು ನಿಗಮಕ್ಕೆ 1912 ಎಂಬ ದೂರಿನ ಸಂಖ್ಯೆಯ ಮೂಲಕ ತಿಳಿಸಬೇಕು. ಒಂದೇ ದಿನ ಬೀದಿಯ ಹಲವು ಮನೆಗಳ ಬೋರ್ಡುಗಳು ಸುಟ್ಟಿದ್ದರೆ ಫ್ಯಾನಿನ ಕಂಪನಿಯನ್ನು ದೂರುವ ಮುನ್ನ ಕಂಬದ ಕಡೆಗೆ ನೋಡಬೇಕು.

ಎರಡನೆಯದು ತೇವ. ಅರಸೀಕೆರೆಯ ಒಣಹವೆಯಲ್ಲಿ ಇದರ ಕಾಟವು ಕಡಿಮೆ; ಬೇಲೂರಿನಿಂದ ಪಶ್ಚಿಮಕ್ಕೆ ಮೂಡಿಗೆರೆ ಸಕಲೇಶಪುರಗಳ ಕಡೆಗೆ ಹೋದಷ್ಟೂ ಮಳೆಗಾಲದ ಶೀತವು ಗೋಡೆ ಸೂರುಗಳಲ್ಲಿ ಇಳಿಯುವುದು. ಸೂರಿನಿಂದ ತೊಟ್ಟಿಕ್ಕುವ ನೀರು ತಂತಿಯ ಗುಂಟ ಜಾರಿ ನೇರವಾಗಿ ಬೋರ್ಡನ್ನು ಸೇರುವುದು. ತಂತಿಯನ್ನು ಸ್ವಲ್ಪ ಕೆಳಕ್ಕೆ ಬಾಗಿಸಿ ಮತ್ತೆ ಮೇಲಕ್ಕೆ ಒಯ್ದರೆ ಹನಿಯು ಬಾಗಿನಲ್ಲಿಯೇ ಬಿದ್ದುಹೋಗುವುದು. ಏ.ಸಿ., ಫರ್ನೇಸುಗಳಲ್ಲಿಯೂ ಇದೇ ಕ್ರಮವನ್ನು ಅನುಸರಿಸುವರು.

ಮೂರನೆಯದು ಶಾಖ. ಬೋರ್ಡಿನ ಕೆಪಾಸಿಟರಿನೊಳಗೆ ದ್ರವವಿರುವುದು. ಬಿಸಿಯಲ್ಲಿ ಅದು ಮೆಲ್ಲಮೆಲ್ಲನೆ ಆರುವುದು. ಬಿಸಿಯು 10 ಡಿಗ್ರಿ ಏರಿದರೆ ಅದರ ಆಯುಸ್ಸು ಸುಮಾರಾಗಿ ಅರ್ಧಕ್ಕಿಳಿಯುವುದೆಂಬುದು ಎಂಜಿನಿಯರುಗಳ ಸ್ಥೂಲವಾದ ಲೆಕ್ಕ. ತಲೆಯು ಉಬ್ಬಿದ ಕೆಪಾಸಿಟರನ್ನು ಬರಿಗಣ್ಣಿನಿಂದಲೇ ಗುರುತಿಸಬಹುದು. ಸಿಡಿಲಿನ ಹೊಡೆತದಲ್ಲಿ ಬೋರ್ಡಿನ ಮೊದಲ ಭಾಗದ ಫ್ಯೂಸು ಕಪ್ಪಾಗಿರುವುದು. ತೇವದಲ್ಲಿ ತಾಮ್ರದ ಗೆರೆಗಳು ಹಸುರುಗಟ್ಟಿರುವುವು. ಸುಟ್ಟ ಬೋರ್ಡನ್ನು ಮೆಕ್ಯಾನಿಕನ ಚೀಲಕ್ಕೆ ಹೋಗಗೊಡದೆ ಒಮ್ಮೆ ಕೈಯಲ್ಲಿ ಹಿಡಿದು ನೋಡಿದರೆ ಕಾರಣವು ಅಲ್ಲಿಯೇ ಬರೆದಂತೆ ಕಾಣುವುದುಂಟು.

ಇಷ್ಟನ್ನು ತಿಳಿದವರು ಮೆಕ್ಯಾನಿಕನನ್ನು ಕರೆಸಬಾರದೆಂದು ನಮ್ಮ ಅಭಿಪ್ರಾಯವಲ್ಲ. ಕರೆಸಿದಾಗ ನಾಲ್ಕು ಮಾತನ್ನು ಕೇಳಬೇಕು: ಫ್ಯಾನಿನ ಬಾಯಲ್ಲಿ ಎಷ್ಟು ವೋಲ್ಟು ಇದ್ದಿತು? ಆಜ್ಞೆಯು ಮುಟ್ಟುತ್ತಿದೆಯೇ? ಬೋರ್ಡನ್ನು ಬಿಡಿಸಿದಾಗ ಮೋಟಾರು ಹಗುರಾಗಿ ತಿರುಗಿತೇ? ಮೂರು ತಂತಿಗಳ ಅಳತೆಯು ಸಮನಾಗಿದೆಯೇ? ಬಲ್ಲ ಕೆಲಸಗಾರನು ಈ ಪ್ರಶ್ನೆಗಳಿಂದ ಬೇಸರಪಡುವುದಿಲ್ಲ, ತನ್ನ ಕೆಲಸವನ್ನು ಅರಿತವರ ಮನೆಗೆ ಬಂದೆನೆಂದು ಸಂತೋಷಪಡುವನು. ಅಳೆಯದೆಯೇ "ಮೋಟಾರು ಹೋಗಿದೆ, ಹೊಸದು ತನ್ನಿ" ಎಂದು ಹೇಳುವವನ ಮಾತಿಗೆ ಮಾತ್ರ ಹಣವನ್ನು ಬಿಚ್ಚುವ ಮುನ್ನ ಇನ್ನೊಬ್ಬರನ್ನು ಕೇಳುವುದು ವಿವೇಕ. ತರಗತಿಯಲ್ಲಿ ಓಮನ ನಿಯಮವನ್ನು ಬರೆದು ಅಂಕಗಳನ್ನು ಪಡೆದ ನಮ್ಮ ಸೋದರಿಯರು ಅದನ್ನು ಪುಸ್ತಕದಲ್ಲಿಯೇ ಮುಚ್ಚಿಡದೆ, ತಮ್ಮ ತಲೆಯ ಮೇಲೆ ತಿರುಗುವ ಯಂತ್ರಕ್ಕೂ ಅನ್ವಯಿಸಿ ನೋಡುವರೆಂದು ನಂಬಿರುವೆವು.